ಮೊದಲ ತುಂಡಿಗೆ ಮುಂಚೆ ಹೇಳುವ ಮಾತು

ಹೇಳಿದ್ದೆನೋ, ಇಲ್ಲವೋ? ಹಲಗೆಯ ಮೇಲೆ ಗಾಂಜಾ ಸೊಪ್ಪು ಕೊಚ್ಚುತ್ತಿದ್ದ ಮುಹಂದನ ಚಾಕು ನಿಂತಿತು. ಮಜೂನ್ ಉಂಡೆಯನ್ನು ಮೊದಲ ಸಲ ತಿನ್ನುವವನ ಕೈ ಹಿಡಿದು ಒಂದು ಮಾತು ಹೇಳದೆ ತುಂಡು ಕೊಡಬಾರದು. ಕೆತಾಮಾದ ಬೆಟ್ಟಗಳಲ್ಲಿ ಅದು ಪದ್ಧತಿ. ಖರ್ಜೂರ, ಜೇನು, ಗಾಂಜಾ ಸೇರಿಸಿ ಕುಟ್ಟಿದ ಆ ಉಂಡೆಯನ್ನು ಮಧ್ಯಾಹ್ನ ತಂಗಿಯ ಗಂಡ ಜವಾದ್‌ನೇ, ಹೆಂಡತಿಗೆ ಗೊತ್ತಾಗದ ಹಾಗೆ, ಕೇಳಿದ್ದ. ಕಡಲೆಕಾಳಿನಷ್ಟು ಕೊಟ್ಟಿದ್ದಕ್ಕೆ ಅರ್ಧ ಗಂಟೆ ಕಾದು ನಕ್ಕಿದ್ದ. "ಇಷ್ಟೇನಾ ನಿಮ್ಮ ಬೆಟ್ಟದ ಪ್ರತಾಪ? ನಮ್ಮ ಫೆಸ್ ಪಟ್ಟಣದಲ್ಲಿ ಮಕ್ಕಳು ತಿನ್ನೋ ಮಿಠಾಯಿ ಇದಕ್ಕಿಂತ ಜೋರಾಗಿರುತ್ತೆ." ಹೊಟ್ಟೆಗೆ ಹೋದದ್ದು ತಲೆಗೇರಲು ಎರಡು ಗಂಟೆ ಬೇಕೆಂದು ಮುಹಂದ್ ಹೇಳಲಿಲ್ಲ. ಅಕ್ರೋಟಿನ ಗಾತ್ರದ ಎರಡು ತುಂಡು ಮುಂದಿಟ್ಟ. ಜವಾದ್ ಅವನ್ನೂ ನುಂಗಿ, ಸುಳ್ಳು ಮಾಲು ಎಂದು ಬಾಯಿ ಒರೆಸಿಕೊಂಡು, ಹೆಂಡತಿ ಯಾಮ್ನಾಳನ್ನು ಕಾರಿಗೆ ಹತ್ತಿಸಿಕೊಂಡು ಹೊರಟಿದ್ದ.

ಅವರು ಹೊರಟು ಎರಡು ಗಂಟೆ ದಾಟಿತ್ತು. ಫೋನು ಬಡಿದುಕೊಳ್ಳುತ್ತಿತ್ತು.

"ಹಲೋ... ಯಾರು ಮಾತಾಡ್ತಿರೋದು?"

...

"ಯಾಮ್ನಾ! ಇದ್ಯಾರ ನಂಬರೇ? ... ಕಾಫಿ ಅಂಗಡಿಯದಾ? ತೌನಾತ್ ಹತ್ರಾನಾ? ಮೊದಲು ಅಳು ನಿಲ್ಲಿಸು. ಕಾರಿಗೇನಾದ್ರೂ ಆಯ್ತಾ?"

...

"ಹಾಂ, ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದ್ನಲ್ಲ, ಪುಣ್ಯ. ... ಓಹೋ. ಜವಾದ್‌ಗಾ? ಎದೆ ಹೊಡ್ಕೋತಿದೆಯಾ? ಬಾಯಿ ಒಣಗಿದೆಯಾ? ಕೈಕಾಲು ತನ್ನವಲ್ಲ ಅಂತಿರಬೇಕು, ಅಲ್ವಾ?"

...

"ನಗ್ಲಿಲ್ಲ ಕಣೇ, ಕೆಮ್ಮು. ... ನಂಗೆ ಹೇಗೆ ಗೊತ್ತು ಅಂದ್ರೆ? ನಿಮ್ಮ ಮಾವ ಹೋಗಿದ್ದೂ ಎದೆ ಒಡೆದೇ ಅಲ್ವಾ? ಅದಕ್ಕೇ ಕೇಳ್ದೆ. ಅಪ್ಪನದು ಮಗನಿಗೆ ಬರುತ್ತೆ, ಏನ್ ಮಾಡೋದು."

...

"ಅವನಿಗೂ ಕೇಳಿಸ್ತಾ? ಕೇಳಿಸ್ಲಿ ಬಿಡು."

...

"ಮಧ್ಯಾಹ್ನವಾ? ನಾನೇನು ಕೊಡ್ಲಿ! ರೊಟ್ಟಿ, ಬೇಳೆ ಸಾರು, ಪುದೀನ ಚಹಾ. ನೀನೂ ಕೂತು ತಿಂದ್ಯಲ್ಲ. ... ಇಲ್ಲ ಅಂದ್ನಲ್ಲ. ... ಯಾಮ್ನಾ, ಮನೆಗೆ ಬಂದ ಅಳಿಯನಿಗೆ ಅಂಥದ್ದು ಕೊಡ್ತೀನಾ ನಾನು? ಅಮ್ಮನ ಗೋರಿಯಾಣೆ, ಇಲ್ಲ. ಸಾಕಾ?"

...

"ಡಾಕ್ಟ್ರು ಬರೋಕೆ ಇನ್ನೂ ಒಂದು ಗಂಟೆಯಾ? ಬರ್ಲಿ. ಅಲ್ಲೀವರೆಗೆ ಮಲಗ್ಸು. ಸಕ್ಕರೆ ನೀರು ಕುಡಿಸು. ಸುತ್ತ ಜನ ಸೇರೋಕೆ ಬಿಡ್ಬೇಡ, ಆದ್ರೆ ಒಬ್ಬನೇ ಬಿಡ್ಲೂ ಬೇಡ. ... ಹಾಂ, ಕಾಲ ನಿಂತುಹೋಗಿದೆ ಅಂತಾನಾ? ಪಾಪ, ಕಚೇರಿ ಗುಮಾಸ್ತ, ಗಡಿಯಾರ ನೋಡೇ ಬದುಕಿದೋನು."

...

"ಏನು? ಜೋರಾಗಿ ಹೇಳು. ... ಕ್ಷಮೆ ಕೇಳ್ತಿದ್ದಾನಾ?"

...

"ಹಾಗಾದ್ರೆ ನಿಜವಾಗ್ಲೂ ಹೋಗ್ತೀನಿ ಅಂದ್ಕೊಂಡಿದ್ದಾನೆ. ಸಾಯೋನು ಹೆಂಡತಿ ಹತ್ರ ಎಲ್ಲ ಹೇಳ್ಕೊಂಡು ಹಗುರಾಗ್ಬೇಕಲ್ಲ. ಕೇಳಿಸ್ಕೋ. ಏನಂದ? ಎಲ್ಲ ಹೇಳು ನಂಗೆ."

...

"ಫೆಸ್‌ನಲ್ಲಿ ಏನಂತ ಹೇಳಿದ್ದಾನೆ? ... ನೀನು ತೆತುವಾನ್ ಊರಿನ ಅನಾಥೆ ಅಂತಾನಾ? ... ಹಿಂದೆಮುಂದೆ ಯಾರೂ ಇಲ್ಲ ಅಂತಾನಾ? ... ಏಳು ವರ್ಷದಿಂದ?"

...

"ಹಾಂ, ಇದ್ದೀನಿ. ... ನಾನೂ ಇಲ್ಲ ಅನ್ನು, ಅವನ ಲೆಕ್ಕದಲ್ಲಿ. ನಮ್ಮಪ್ಪ ಹುಟ್ಟೇ ಇಲ್ಲ. ಹೋದ ಹಬ್ಬಕ್ಕೆ ನಾನು ಟಗರು ಹೊತ್ಕೊಂಡು ಬಂದಾಗ ಪಕ್ಕದ ಮನೆಯೋರಿಗೆ ಏನು ಹೇಳಿದ್ನಂತೆ, ಕೇಳು. ... ಕೇಳೇ ಅವನನ್ನ!"

...

"ಕಸಾಯಿಯೋನು. ... ಹಾಗಂದ್ನಾ."

...

"ನೀನು ಕ್ಷಮಿಸಿಬಿಟ್ಯಾ? ಅಷ್ಟು ಬೇಗಾನಾ? ... ಅಳ್ತಿದ್ದಾನೆ ಅಂತ? ಅಳ್ಲಿ ಬಿಡು, ಇನ್ನೊಂದಿಷ್ಟು ಹೊತ್ತು ಅಳ್ಲಿ. ... ಹೌದು, ಕ್ರೂರಿ ನಾನು. ಅನಾಥೆಗೆ ಅಣ್ಣ ಎಲ್ಲಿಂದ ಬರ್ಬೇಕು?"

...

"ಸರಿ, ಫೋನಿಡು. ಹೋಗಿ ಅವನ ಪಕ್ಕ ಕೂತ್ಕೋ. ... ಏನು? ನೀನೂ ಹೇಳ್ಬೇಕಾ? ಏನು ಹೇಳ್ತೀಯಾ?"

...

"ಬೇಡ."

...

"ಯಾಮ್ನಾ, ಬೇಡ. ಆ ಮಾತ್ರೆ ವಿಷಯ ಎತ್ತಲೇಬೇಡ. ... ಏಳು ವರ್ಷ ಅವನು ಮಗು ಬೇಕು ಅಂತ ಯಾವ ದರ್ಗಾ ಬಿಟ್ಟಿದ್ದಾನೆ ಹೇಳು? ಎಷ್ಟು ಡಾಕ್ಟ್ರ ಮುಂದೆ ಅಂಗಿ ಬಿಚ್ಚಿದ್ದಾನೆ? ತಪ್ಪು ತನ್ನದೇ ಅಂತ ಅವನಮ್ಮನ ಮುಂದೆ ತಲೆ ಬಗ್ಗಿಸಿದ್ದಾನಲ್ಲೇ. ಈಗ ಹೋಗಿ, ಮಗು ಆಗದ ಹಾಗೆ ನಾನೇ ಮಾತ್ರೆ ನುಂಗ್ತಿದ್ದೆ ಅಂತೀಯಾ?"

...

"ಗೊತ್ತು, ತಂದುಕೊಟ್ಟೋನು ನಾನೇ. ಆಲಿವ್ ಡಬ್ಬಿ ತಳದಲ್ಲಿಟ್ಟು ಕಳಿಸಿದೋನೂ ನಾನೇ. ನಿಮ್ಮತ್ತೆ ನಗಾಡೋ ನಮ್ಮ ಬೆಟ್ಟದ ಭಾಷೆ ಆಡೋ ಕೂಸು ಆ ಮನೇಲಿ ಬೇಡ ಅಂತ ನೀನೇ ಅತ್ತಿದ್ಯಲ್ಲ, ಅದಕ್ಕೇ ಕಳಿಸಿದ್ದು. ಅದು ನಮ್ಮಿಬ್ಬರಲ್ಲೇ ಇರ್ಲಿ."

...

"ಪಾಪ ಅಲ್ಲ ಕಣೇ. ... ಮಣ್ಣಿಗೆ ಹೋಗೋನಿಗೆ ಸುಳ್ಳು ಕಟ್ಟಿ ಕಳಿಸಬಾರದು, ಸರಿ, ಒಪ್ತೀನಿ. ಆದ್ರೆ ಅವನು... ಡಾಕ್ಟ್ರು ಬರೋವರೆಗಾದ್ರೂ ತಡಿ."

...

"ನೀಲಿ ಆಗಿದ್ದಾನಾ? ಇಲ್ಲ, ನಿನ್ನ ಕಣ್ಣಿಗೆ ಹಾಗೆ ಕಾಣುತ್ತೆ ಅಷ್ಟೇ. ... ನಂಗೆ ಹೇಗೆ ಗೊತ್ತು ಅಂದ್ರೆ... ಹೇಗೋ ಗೊತ್ತು! ನನ್ನ ಮಾತು ಕೇಳು."

...

"ಗಟ್ಟಿಯಾಗಿ ಇದ್ದಾನೆ ಅವನು. ... ನಾಳೆ ಬೆಳಿಗ್ಗೆ ಎದ್ದು ಕೂತ್ರೆ ಏನ್ ಮಾಡ್ತೀಯಾ? ಆಡಿದ್ದನ್ನ ವಾಪಸ್ ತಗೋತೀಯಾ? ಕೋರ್ಟ್ ಗುಮಾಸ್ತ ಕಣೇ ಅವನು, ಮಧ್ಯಾಹ್ನದೊಳಗೆ ತಲಾಕ್ ಕಾಗದ ನಿನ್ನ ಕೈಗಿಟ್ಟು ಬೆಟ್ಟಕ್ಕೆ ಅಟ್ತಾನೆ. ... ಏಳಲ್ಲ ಅಂತೀಯಾ. ಏಳ್ತಾನೆ."

...

"ಆಣೆ? ಯಾವ ಆಣೆ? ... ಹಾಂ. ಅಮ್ಮನ ಗೋರಿ ಮೇಲೆ. ಹೌದು, ಇಟ್ಟೆ."

...

"ಹೌದು. ಚಹಾ, ರೊಟ್ಟಿ, ಅಷ್ಟೇ."

...

"ಕರೀತಿದ್ದಾನಾ? ಒಂದ್ನಿಮಿಷ ನಿಲ್ಲು. ಯಾಮ್ನಾ? ನಿಂಗೊಂದು ವಿಷಯ... ಫೋನ್ ಅಂಗಡಿಯೋರಿಗೆ ಕೊಡ್ಬೇಡ, ನಿಲ್ಲು, ಅವನಿಗೆ ಆಗಿರೋದು... ಹಲೋ? ಯಾಮ್ನಾ? ... ಹಲೋ?"

ಕರೆ ಕಡಿದುಹೋಯಿತು. ಅದೇ ನಂಬರು ತೆರೆಯ ಮೇಲೆ ಇನ್ನೂ ಇತ್ತು. ಮುಹಂದ್ ಅದನ್ನು ಆರುವವರೆಗೂ ನೋಡುತ್ತ ಕುಳಿತ. ಬೆರಳು ಹಲಗೆಯ ಮೇಲಿನ ಸೊಪ್ಪನ್ನು ಒತ್ತಟ್ಟಿಗೆ ಸರಿಸುತ್ತಿತ್ತು.

ಮೊದಲ ಸಲ ತಿನ್ನುವವನ ಕೈ ಹಿಡಿದು ಹೇಳುವ ಮಾತು ತೀರ ಚಿಕ್ಕದು: ಸಾಯ್ತೀನಿ ಅನ್ನಿಸುತ್ತೆ, ಸಾಯಲ್ಲ. ಮಧ್ಯಾಹ್ನ ಜವಾದ್‌ಗೂ, ಸಂಜೆ ಯಾಮ್ನಾಳಿಗೂ ಮುಹಂದ್ ಅದನ್ನು ಹೇಳಲಿಲ್ಲ.