ಒಣಗಿದ ಮೈ

ಈಜು, ಸೈಕಲ್ ಎರಡನ್ನೂ ಮುಗಿಸಿದವರು ಕೆಂಡದಂಥ ಬಿಸಿಲಿನಲ್ಲಿ ಓಡುತ್ತಿದ್ದರು. ದಾರಿಗೆ ಕಟ್ಟಿದ ಹಗ್ಗದ ಈಚೆ, ನನ್ನ ಪಕ್ಕದಲ್ಲಿ, ಒಬ್ಬ ತಾಯಿ ನಿಂತಿದ್ದರು. ಓಟ ಮುಗಿಸಿ ಬರುವ ಮಗನ ತಲೆಗೆ ಹಾಕಲೆಂದು ಟವೆಲ್ಲು ಒದ್ದೆ ಮಾಡಿ ಹಿಡಿದಿದ್ದರು. ನೀರು ತರಲು ಹೋಗಿದ್ದ ಸೊಸೆ ಆಗಷ್ಟೇ ಬಂದಳು.

“ಈಗ ತಾನೇ ಹೋದ ನೋಡು ನಿನ್ನ ಗಂಡ. ಮೈಯೆಲ್ಲ ಒಣಗಿದೆ, ಒಂದು ಹನಿ ಬೆವರಿಲ್ಲ. ದೇವರು ಕಣ್ಣು ಬಿಟ್ಟ.”

“ಬೆವರೇ ಇಲ್ವಾ ಅತ್ತೆ? ಏನಾದ್ರೂ ಅಂದ್ರಾ?”

“‘ಚಳಿ ಆಗ್ತಿದೆ ಅಜ್ಜಿ’ ಅಂದ. ಹೆತ್ತ ತಾಯೀನೇ ಅಜ್ಜಿ ಅಂತಾನೆ, ತರಲೆ.”

“ತರಲೆ ಅಲ್ಲ ಅತ್ತೆ. ಬಿಸಿಲು ತಲೆಗೇರಿದೆ. ಈ ಧಗೇಲಿ ಬೆವರು ನಿಂತ್ರೆ ಜೀವಕ್ಕೇ ಕುತ್ತು. ಹಿಡಿದು ನಿಲ್ಲಿಸ್ಬೇಕು.”

“ನಾವು ಮುಟ್ಟಿದ್ರೆ ಅವನನ್ನ ಪಂದ್ಯದಿಂದ ಹೊರಗೆ ಹಾಕ್ತಾರಂತಲ್ಲ. ಏನೇ ಆದ್ರೂ ಮುಟ್ಟಲ್ಲ ಅಂತ ಆಣೆ ಮಾಡಿಸ್ಕೊಂಡಿದಾನೆ.”

“ನನ್ ಹತ್ರಾನೂ. ನಿಲ್ಲಿಸಿದ್ರೆ ಜನ್ಮದಲ್ಲಿ ನನ್ ಜೊತೆ ಮಾತಾಡಲ್ಲ.”

ತಾಯಿ ಹಗ್ಗವನ್ನು ಎತ್ತಿ ಹಿಡಿದರು.

“ಮಾತು ಬಿಡೋದಕ್ಕಾದ್ರೂ ಅವನು ಇರ್ಬೇಕಲ್ಲಮ್ಮ. ಓಡು, ನಿನ್ನ ಕಾಲು ಗಟ್ಟಿ. ಡಾಕ್ಟರನ್ನ ಕೂಗ್ತಾ ಓಡು. ಆಮೇಲೆ ಅವನು ಕೇಳಿದ್ರೆ, ಮೊದಲು ಮುಟ್ಟಿದ್ದು ಅಮ್ಮ ಅಂತ ಹೇಳು.”

ಸೊಸೆ ಹಗ್ಗದಡಿ ನುಸುಳಿ ಓಡಿದಳು. ಹಿಂದೆಯೇ ತಾಯಿ. ಟವೆಲ್ಲಿನಿಂದ ತೊಟ್ಟಿಕ್ಕಿದ ಹನಿಗಳು ರಸ್ತೆಯ ಮೇಲೆ ಬಿದ್ದಲ್ಲೇ ಆರುತ್ತಿದ್ದವು.