ಸ್ಟಾರ್ಟ್ ಒತ್ತಿದವ್ರ್ಯಾರು?

…ಅಲ್ರೀ ಸಾಜಿಯಾ ಮೇಡಂ, ಅದೆಂಥಾ ಪ್ರೋಗ್ರಾಮ್ ಬರದಿದ್ರಿ ನೀವು! ಕರೆಂಟ್ ಹೋದ್ರ ಸಾಕು, ಗಿರಣಿ ನಡಸೂ ಆ ಪಿಎಲ್‌ಸಿ ಎಲ್ಲಾ ಮರತು ಕುಂದರೂದು. ಕರೆಂಟ್ ತಿರುಗಿ ಬಂದ್ರೂ ಸುಮ್ಮನ! ಯಾರರೆ ಎದ್ದು ಹೋಗಿ ಹಸಿರು ಬಟನ್ ಒತ್ತಬೇಕು, ಆಮ್ಯಾಲ ಖಾರದ ಗಿರಣಿ ತಿರಗಬೇಕು. ಈ ಬ್ಯಾಡಗ್ಯಾಗ ಕರೆಂಟ್ ಹೆಂಗ ಬಂದು ಹೊಕ್ಕೈತಿ ಗೊತ್ತೈತೇನ್ರಿ? ರಾಣೆಬೆನ್ನೂರಾಗ ಫ್ಯಾನಿನ ಕೆಳಗ ಕುಂತು ಬರಿಯೋರಿಗೆ ಏನ್ ಗೊತ್ತು!

ಏನಂದ್ರಿ? ಮರೀಲಿ ಅಂತನ ಬರದೀರಾ? ಹ್ಹ! ಮರೆಯೂದಕ್ಕೂ ಇಂಜಿನಿಯರಿಂಗ್ ಕಲೀಬೇಕಾ? ಮೋಟೆಬೆನ್ನೂರಾಗ ನಮ್ಮ ಹೊಲದ ಬೋರಿಗೆ ಆಟೋ ಸ್ಟಾರ್ಟರ್ ಹಾಕೇವಿ. ಕರೆಂಟ್ ಬಂತೋ, ತಾನ ಚಾಲೂ! ಆಟೋ ಇಲ್ಲದ ಬೋರ್ ಒಂದ್ ತೋರಿಸ್ರಿ ನೋಡೂಣು ನಮ್ಮ ಕಡೆ. ನೀವೂ ಲ್ಯಾಚ್ ಹಾಕಿದ್ರ ಮುಗೀತಿತ್ತು. ಹೋಗೂವಾಗ ತಿರಗತಿತ್ತಂದ್ರ, ಬಂದಾಗೂ ತಿರಗತೈತಿ… ನೆನಪು ಇಟ್ಕೊಂತೈತಿ…

ಯಾಕ ಹಂಗ ನೋಡತೀರಿ? ನನಗ ಹೆಂಗ ಗೊತ್ತು ಅಂತನಾ? ಫೋನಿನ್ಯಾಗ ನೋಡಿ ಕಲತೇನ್ರಿ! ಈ ವಿಜಯಮಹಾಂತೇಶ ಸುಮ್ಮನ ಮ್ಯಾನೇಜರ್ ಆಗಿಲ್ಲ. ಆ ಮಾತು ಬಿಡ್ರಿ… ಬೋರಿಂದ ಹೇಳಿದೆ ನಾ. ಬೋರಿಂದು!

ನಮ್ಮ ಗಿರಣಿ ಆಳು ಹಾಲಸಿದ್ದಪ್ಪನ ಸುದ್ದಿಗೆ ಬರ್ರಿ. ನಿನ್ನೆ ಕರೆಂಟ್ ಹೋದಾಗ, ಸಿಕ್ಕೊಂಡಿದ್ದ ಮೆಣಸಿನಕಾಯಿ ತಗಿಯಾಕ ಗಿರಣಿ ಬಾಯಾಗ ಕೈ ಹಾಕ್ಯಾನ. ಕರೆಂಟ್ ಬಂದೈತಿ, ಗಿರಣಿ ತಿರಗೇತಿ. ಎರಡು ಬೆರಳು ಹ್ವಾದವು. ಅಂವ ಹಾವೇರಿ ದವಾಖಾನ್ಯಾಗ, ಅಂವನ ಹೇಣ್ತಿ ನೀಲಗಂಗವ್ವ ನಮ್ಮ ಗೇಟಿನ್ಯಾಗ! ಸ್ಟಾರ್ಟ್ ಯಾರ ಒತ್ತಿದ್ರು ಅಂತ ಕೇಳತಾಳ. ಯಾರ ಒತ್ತತಾರ? ಅಂವನ ಒತ್ತಿರಬೇಕು! ಕುಡದಿದ್ದ. ಹ್ಞೂಂ, ಕುಡದಿದ್ದ ಅಂತೀನಿ ನಾ! ಈಗ ದಣ್ಯಾರು ಬರತಾರ. ತಪ್ಪು ಅಂವಂದ ಅಂತ ನೀವೊಂದ್ ಮಾತು ಅಂದ್ರ, ಕೆಲಸಾನೂ ಇಲ್ಲ, ದವಾಖಾನಿ ಖರ್ಚೂ ಇಲ್ಲ, ನಡಿಯಪಾ ಮನಿಗೆ ಅಂತಾರ. ನಿಮ್ಮ ಮೈಮ್ಯಾಲೂ ಏನೂ ಬರಂಗಿಲ್ಲ.

ಲ್ಯಾಪ್‌ಟಾಪ್ ಯಾಕ ಮುಚ್ಚಿದ್ರಿ? ಎಲ್ಲಿ ಹೊಂಟ್ರಿ? ಏ, ಏ… ಮೇನ್ ಸ್ವಿಚ್ ಯಾಕ ಬಂದ್ ಮಾಡಿದ್ರಿ? ತಿರಗೂ ಗಿರಣಿ ನಿಲ್ಲಿಸಿದ್ರಲ್ರೀ! ಬಾಯಿತುಂಬ ಕಾಯಿ ಐತಿ ಅದರಾಗ!

ಏನು? ನಾನು? ನಾ ಕೈ ಹಾಕಿ ತಗೀಬೇಕಾ?

ಹ್ಹ… ಚಲೋ ಚಾಷ್ಟಿ ಮಾಡತೀರಿ. ಮೊದ್ಲ ಮೇನ್ ಮ್ಯಾಲಿಂದ ನಿಮ್ಮ ಕೈ ತಗೀರಿ. ತಗೀರಿ ಅಂದ್ನೆಲ್ಲಾ! …ಹೌದು, ಸ್ಟಾರ್ಟ್ ಬಟನ್ ಹತ್ರ ಯಾರೂ ಇಲ್ಲ. ಹೌದ್ರೀ, ಕಾಣತೈತಿ ನನಗೂ. ಅಂದ್ರೂ… ನಾ ಮ್ಯಾನೇಜರ್, ಕೈ ಯಾಕ ಹೊಲಸು ಮಾಡ್ಕೊಳ್ಳಿ?

ನಗಾಕತ್ತೀರೇನು? ನಗವಲ್ರಿ… ಗಿರಣಿ ಬಾಯಿ ಕಡೆ ಬೆರಳು ಮಾಡಿ ತೋರಸತೀರೇನು!

ಹಾಕಂಗಿಲ್ರಿ ನಾ. ಬಟನ್ ಯಾಕ ಬೇಕು, ನೀವು ಮೇನ್ ಹಾಕಿದ್ರ ಸಾಕು, ಅದು ತಾನ…

…ಲ್ಯಾಚ್ ಹಾಕಿದ್ದು ಅಂವಗ ಹೇಳಿರಲಿಲ್ರೀ ಮೇಡಂ. ಯಾರಿಗೂ ಹೇಳಿರಲಿಲ್ಲ.