ಕುಲುಮೆ ಮುಚ್ಚಿದ ಮನೆಯಲ್ಲಿ ಪರೀಕ್ಷೆ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಮುಖ್ಯೋಪಾಧ್ಯಾಯಿನಿಯವರೇ, ಗುರುಗಳೇ, ತಂದೆ ತಾಯಂದಿರೇ, ಮುಂದಿನ ವಾರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲಿರುವ ಮುದ್ದು ಮಕ್ಕಳೇ, ಸಭಿಕರೇ,

ನಾನು ಸ್ಪಂದನ. ಪಾಲಹಳ್ಳಿಗೆ ಸೊಸೆಯಾಗಿ ಬಂದು ಇನ್ನೂ ಎರಡು ತಿಂಗಳು. ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ತಪ್ಪಿದರೆ ನಗಿ, ನಾನೂ ನಗುತ್ತೇನೆ. ನಗುವುದರಲ್ಲಿ ನನ್ನನ್ನು ಮೀರಿಸುವವರು ಈ ಊರಲ್ಲಿ ಇಲ್ಲವೆಂದು ನಮ್ಮ ಅತ್ತೆಯೇ ಹೇಳುತ್ತಾರೆ. ಹಿಂದೆ ನಿಂತು ವಿಡಿಯೊ ಮಾಡುತ್ತಿರುವವರು ನಮ್ಮ ಯಜಮಾನರು. ಅತ್ತ ನೋಡಿದರೆ ಭಾಷಣ ಮರೆತುಹೋಗುತ್ತದೆ, ಹಾಗಾಗಿ ನೋಡುವುದಿಲ್ಲ.

"ಪರೀಕ್ಷೆಯ ಭಯದ ಬಗ್ಗೆ ನಾಲ್ಕು ಮಾತು ಹೇಳಮ್ಮ" ಎಂದು ಮೇಡಂ ಕರೆದರು. ನನಗೆ ನಾಲ್ಕು ಮಾತು ಗೊತ್ತಿಲ್ಲ, ನಮ್ಮ ಮನೆಯ ಒಂದು ಮಾತು ಗೊತ್ತು. ನನ್ನ ನಾದಿನಿ ಧನುಶ್ರೀ ಇದೇ ತರಗತಿಯವಳು, ಇಲ್ಲೇ ಕೂತಿದ್ದಾಳೆ. ಅವಳನ್ನು ಕೇಳಿಯೇ ಹೇಳುತ್ತಿದ್ದೇನೆ. ಆ ಒಪ್ಪಿಗೆಗಾಗಿ ನನ್ನ ಮದುವೆಯ ಬಳೆಗಳಲ್ಲಿ ಅರ್ಧ ಅವಳ ಕೈ ಸೇರಿವೆ.

ನಮ್ಮ ಮಾವ ರಾಮಚಂದ್ರಾಚಾರ್ ಅವರ ಕುಲುಮೆ ನಿಮಗೆಲ್ಲ ಗೊತ್ತು. ಸುತ್ತಮುತ್ತ ಕಬ್ಬು ಕಡಿಯುವ ಮಚ್ಚುಗಳೆಲ್ಲ ಹದವಾಗುವುದು ಅಲ್ಲೇ. ಕುಲುಮೆಗೂ ನಡುಮನೆಗೂ ನಡುವೆ ಒಂದೇ ಗೋಡೆ. ಹೊಸದರಲ್ಲಿ ಸುತ್ತಿಗೆಯ ಮೊದಲ ಏಟಿಗೇ ನಾನು ಬೆಚ್ಚಿ ಏಳುತ್ತಿದ್ದೆ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಧನುಶ್ರೀಗೆ ಗಣಿತದಲ್ಲಿ ಅಂಕ ಕಡಿಮೆ ಬಂತು. ಮಾವ ಬೈಯಲಿಲ್ಲ. "ಈ ಸದ್ದಲ್ಲಿ ಮಗಿಗೆ ತಲೆಗತ್ತೋದಾದ್ರೂ ಎಂಗೆ?" ಎಂದವರೇ ಕುಲುಮೆ ಮುಚ್ಚಿಬಿಟ್ಟರು. ಕೈತುಂಬ ಕೆಲಸವಿದ್ದ ಕಾಲದಲ್ಲಿ!

ಆಮೇಲೆ ನಮ್ಮ ಮನೆ ಹೇಗಿತ್ತು ಗೊತ್ತೇ? ಮಿಕ್ಸಿ ಇಲ್ಲ, ಟಿವಿ ಇಲ್ಲ. ಒಗ್ಗರಣೆ ಚಟಪಟ ಅಂದರೂ ಅತ್ತೆ ಮೂಗಮ್ಮನವರು ಮುಚ್ಚಳ ಹಾಕುತ್ತಿದ್ದರು. ನನ್ನ ನಗು? "ಪರೀಕ್ಷೆ ಮುಗಿಯೋಗಂಟ ವಸಿ ಒಟ್ಟೆಯೊಳ್ಗೇ ನಗು ಕಣವ್ವ" ಎಂದರು. ಹೊಸ ಹೆಂಡತಿ ಗಂಡನ ಜೊತೆ ಪಿಸುಗುಟ್ಟುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ನಮ್ಮಲ್ಲಿ ಉಪ್ಪು ಕೇಳುವುದಕ್ಕೂ ಪಿಸುಗುಟ್ಟುತ್ತಿದ್ದೆವು.

ಇಷ್ಟೆಲ್ಲ ಯಾರಿಗಾಗಿ? ಅವಳೋ ಊಟ ಬಿಟ್ಟಳು. ಪುಸ್ತಕ ಹಿಡಿದರೆ ಕೈ ಬೆವರುತ್ತಿತ್ತು. ಒಂದು ಮಧ್ಯಾಹ್ನ ನನ್ನ ಸೆರಗು ಹಿಡಿದು, "ನಾನು ಪರೀಕ್ಷೆಗೆ ಓಗಕಿಲ್ಲ ಅತ್ಗೆ. ಓದಕ್ಕೆ ಕುಂತ್ರೆ ಎದೆ ಡಬಡಬ ಬಡ್ಕೊಳ್ಳೋದೇ ಕೇಳ್ತದೆ. ಬ್ಯಾರೆ ಏನೂ ಕೇಳಕಿಲ್ಲ" ಎಂದಳು. ಬೆವರಿದ ಅವಳ ಕೈಯನ್ನು ಅದೇ ಸೆರಗಿನಿಂದ ಒರೆಸಿ ಪಕ್ಕದಲ್ಲಿ ಕೂತೆ.

ಆಗ ಬಂದರು ಬೋರಯ್ಯನವರು, ಮೊಂಡಾದ ಮಚ್ಚು ಹಿಡಿದು. "ಏನ್ ಆಚಾರ್ರೇ, ನಿಮ್ ಮಗ್ಳು ಪಾಸಾಗೋಗಂಟ ನಾನು ಕಬ್ಬ ಬಾಯಲ್ಲಿ ಕಡೀಲಾ?" ಇಡೀ ಬೀದಿಗೆ ಕೇಳಿಸಿತು. ಮಾವ ಬಾಯಿಗೆ ಬೆರಳಿಟ್ಟು ಸನ್ನೆ ಮಾಡಿದರು. "ನಾಕೇ ಏಟು, ತಕ್ಕೊಂಡು ಓಗ್ಬುಡು" ಎಂದು ಬೆಂಕಿ ಹಚ್ಚಿದರು. ಅತ್ತೆ ಹಣೆ ಹಣೆ ಬಡಿದುಕೊಂಡರು. ಸುತ್ತಿಗೆ ಬಿತ್ತು. ನಿಲ್ಲಿಸಲೆಂದು ಎದ್ದು ಓಡಿದವಳು ಬಾಗಿಲಲ್ಲಿ ತಿರುಗಿ ನೋಡುತ್ತೇನೆ, ಧನುಶ್ರೀ ಲೆಕ್ಕ ಮಾಡುತ್ತಿದ್ದಾಳೆ! ಸದ್ದಿಗೆ ಸರಿಯಾಗಿ ತಲೆಯಾಡಿಸುತ್ತ, ಅಷ್ಟು ದಿನ ಬಗೆಹರಿಯದ ತ್ರಿಕೋನಮಿತಿಯ ಲೆಕ್ಕ!

ಅವಳು ಅ ಆ ಇ ಈ ಕಲಿತದ್ದೇ ಆ ಸದ್ದಿನಲ್ಲಿ. ಅದು ನಿಂತಾಗ, ಮನೆಯಲ್ಲಿ ಏನೋ ಕೆಟ್ಟದ್ದಾಗಿದೆ, ಅದೂ ತನ್ನಿಂದಲೇ ಆಗಿದೆ ಎಂದು ಆ ಹುಡುಗಿಗೆ ಅನ್ನಿಸಿತ್ತು. ಬೋರಯ್ಯನವರಿಗೆ ನಾಲ್ಕೇ ಏಟು ಎಂದಿದ್ದ ಮಾವ, ಮಗಳು ಲೆಕ್ಕ ಮಾಡುವುದನ್ನು ನಾನು ಕರೆದು ತೋರಿಸಿದ ಮೇಲೆ ಅಂದು ಸಂಜೆಯವರೆಗೂ ಬಡಿದರು. ಆ ಮಚ್ಚಿನಷ್ಟು ಚೂಪಾದ ಮಚ್ಚು ಈ ತಾಲ್ಲೂಕಿನಲ್ಲಿ ಇನ್ನೊಂದಿಲ್ಲ!

ಆದರೆ ಪರೀಕ್ಷಾ ಕೊಠಡಿಯಲ್ಲಿ ಕುಲುಮೆ ಇರುವುದಿಲ್ಲವಲ್ಲ? ನಿನ್ನೆ ಜಡೆ ಹೆಣೆಯುವಾಗ ಅದನ್ನೂ ಕೇಳಿದೆ. ಧನುಶ್ರೀ ಕನ್ನಡಿಯಲ್ಲೇ ನನ್ನನ್ನು ನೋಡಿ ಅಂದಳು: "ಎದೆ ಬಡ್ಕೊಂಡ್ರೆ ಬಡ್ಕೊಳ್ಳಲಿ ಬುಡಿ ಅತ್ಗೆ. ಗೋಡೆ ಆಚೆ ಅಪ್ಪ ಕೆಲ್ಸ ಮಾಡ್ತಾವ್ರೆ ಅಂದ್ಕೋತೀನಿ."

ಮಕ್ಕಳೇ, ನಿಮ್ಮ ನಿಮ್ಮ ಮನೆಯ ಸದ್ದು ಯಾವುದೋ ನನಗೆ ಗೊತ್ತಿಲ್ಲ. ಹಸುವಿನ ಕೊರಳ ಗಂಟೆಯೋ, ತಮ್ಮನ ಜಗಳವೋ, ಅದನ್ನು ಜೊತೆಗೆ ಒಯ್ಯಿರಿ. ಹಾಲ್ ಟಿಕೆಟನ್ನೂ ಮರೆಯಬೇಡಿ. ಹಿರಿಯರೇ, ಈ ವಾರವೂ ಮನೆ ಎಂದಿನಂತೆಯೇ ಇರಲಿ. ಒಗ್ಗರಣೆ ಸಿಡಿಯಲಿ, ಹೊಸ ಸೊಸೆಯರು ನಗಲಿ.

ಮಾತಾಡಲು ಕರೆದ ಮೇಡಂಗೆ, ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಧನ್ಯವಾದ. ಮಾವಾ, ಕಂಬದ ಹಿಂದೆ ಕೂತು ಕಣ್ಣೊರೆಸಿಕೊಂಡದ್ದು ಸಾಕು. ಬೇಗ ಹೋಗಿ ಕುಲುಮೆ ಹಚ್ಚಿ, ಇವತ್ತು ಸಂಜೆ ನಮ್ಮ ಧನುಶ್ರೀಗೆ ಗಣಿತ ಓದುವುದಿದೆ. ಎಲ್ಲರಿಗೂ ನಮಸ್ಕಾರ.